ಬೋರ್ಡ್ ಒರೆಸುವ ಬಟ್ಟೆಯ ಸನ್ಮಾನ

ಹೊಳಲ್ಕೆರೆಯ ಬಸ್ ನಿಲ್ದಾಣದಿಂದ ಮೂರು ನಿಮಿಷ ನಡೆದರೆ ನನ್ನ ಅಂಗಡಿ ಸಿಗುತ್ತದೆ. ನಾನು ಮಾರುವುದು ಗೌರವ. ಬಿಡಿಸಿ ಹೇಳಬೇಕೆಂದರೆ ಶಾಲು, ಮೈಸೂರು ಪೇಟ, ಗಂಧದ ಚಕ್ಕೆಯ ಹಾರ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಕೂತ ನೆನಪಿನ ಕಾಣಿಕೆ. ಚಿತ್ರದುರ್ಗ, ಹೊಸದುರ್ಗ, ಹಿರಿಯೂರಿನಲ್ಲಿ ಯಾರಿಗಾದರೂ ವರ್ಗವಾದರೆ, ಬಡ್ತಿ ಸಿಕ್ಕರೆ, ನಿವೃತ್ತಿಯಾದರೆ, ಸಂಘದ ಅಧ್ಯಕ್ಷಗಿರಿ ಬಂದರೆ, ಇವೇನೂ ಆಗದೆ ಬರೀ ಅರವತ್ತು ತುಂಬಿದರೂ ಸಾಮಾನು ಹೋಗುವುದು ನನ್ನಲ್ಲಿಂದಲೇ. ನಮ್ಮ ಕಡೆ ಯಾರನ್ನೂ ಶಾಲು ಹೊದಿಸದೆ ಸುಮ್ಮನೆ ಬಿಡುವ ಪದ್ಧತಿ ಇಲ್ಲ.

ಈಚೆಗೆ ಇನ್ನೊಂದು ಬಗೆಯ ಗಿರಾಕಿಗಳು ಬರುತ್ತಿದ್ದಾರೆ. ಏನೂ ಕೊಳ್ಳುವುದಿಲ್ಲ, ಸ್ಟೂಲಿನ ಮೇಲೆ ಕೂತು ಆ ಕಡೆ ಈ ಕಡೆ ನೋಡಿ ದನಿ ಇಳಿಸುತ್ತಾರೆ. ಅವರ ಮಗನಿಗೋ ಮಗಳಿಗೋ ಯಾವುದೋ ಮೇಷ್ಟ್ರು ಎಲ್ಲರೆದುರು ಅವಮಾನ ಮಾಡಿರುತ್ತಾರೆ. ತಂದೆ ತಾಯಿ ಏನು ಮಾಡಬೇಕು, ಹೇಳಿ ಎನ್ನುತ್ತಾರೆ. ಇಡೀ ಶಾಲೆಯ ಎದುರು ಒಬ್ಬ ಮೇಷ್ಟ್ರಿಗೆ ಬುದ್ಧಿ ಕಲಿಸಿದ ಗಂಡಸು ನಾನು ಎಂದು ಸುದ್ದಿಯಾಗಿಬಿಟ್ಟಿದೆ. ಆ ಸುದ್ದಿ ತಾಳ್ಯ ದಾಟಿ ಹಿರಿಯೂರಿನಾಚೆ ಯಲ್ಲದಕೆರೆಯವರೆಗೂ ಹೋಗಿದೆಯಂತೆ. ನಡೆದದ್ದು ಬೇರೆ. ಅದನ್ನು ಬರೆದಿಡುತ್ತಿದ್ದೇನೆ, ಬಾಯಿಬಿಟ್ಟು ಹೇಳುವುದರಲ್ಲಿ ನನ್ನ ಯೋಗ್ಯತೆ ಎಷ್ಟು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ನನ್ನ ಮಗಳು ಆಗ ಎಂಟನೇ ತರಗತಿ. ಶಾಲೆ ಬಿಟ್ಟ ಮೇಲೆ ನೇರ ಅಂಗಡಿಗೆ ಬಂದು, ಬಿಚ್ಚಿ ತೋರಿಸಿದ ಶಾಲುಗಳನ್ನೆಲ್ಲ ಮತ್ತೆ ಮಡಿಸಿಡುವುದು ಅವಳ ಕೆಲಸ. ಹೆಬ್ಬೆರಳಲ್ಲಿ ಒಮ್ಮೆ ಸವರಿ ಯಾವ ಶಾಲು ತಹಶೀಲ್ದಾರರ ಮಟ್ಟದ್ದು, ಯಾವುದು ವಾರ್ಡ್ ಮಟ್ಟದ್ದು ಎಂದು ಹೇಳಿಬಿಡುತ್ತಾಳೆ. ಗಣಿತ ಮಾತ್ರ ಅವಳಿಗೆ ಒಗ್ಗಿ ಬಂದಿಲ್ಲ. ಇಪ್ಪತ್ತೈದಕ್ಕೆ ಐದೋ ಆರೋ ಬರುತ್ತದೆ. ನನಗೂ ಅಷ್ಟೇ ಬರುತ್ತಿತ್ತು, ಅದನ್ನು ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ.

ಅವಳ ಗಣಿತದ ಮೇಷ್ಟ್ರು ಕೆಟ್ಟವರು ಎಂದು ಯಾರೂ ಹೇಳುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಗಂಟೆ ಹೊಡೆಯುವ ಮುಂಚೆಯೇ ತರಗತಿಯ ಬಾಗಿಲಲ್ಲಿ ಹಾಜರು, ಒಂದು ದಿನ ರಜೆ ಹಾಕಿದವರಲ್ಲ. ಅವರ ಕೈಲಿ ಕಲಿತವರು ನೂರಕ್ಕೆ ನೂರು ತೆಗೆದಿದ್ದಾರೆ. ಆದರೆ ಪ್ರತಿ ಸೋಮವಾರ ಕಿರುಪರೀಕ್ಷೆ ಮುಗಿದ ಮೇಲೆ ಅವರು ಒಂದು ಕಾರ್ಯಕ್ರಮ ನಡೆಸುತ್ತಿದ್ದರು. ಎಲ್ಲರಿಗಿಂತ ಕಡಿಮೆ ಅಂಕ ತೆಗೆದವರನ್ನು ಮುಂದೆ ಕರೆದು ತಮ್ಮದೇ ಕುರ್ಚಿಯಲ್ಲಿ ಕೂರಿಸುವುದು. ಬೋರ್ಡ್ ಒರೆಸುವ ಬಟ್ಟೆಯನ್ನು ಹೆಗಲಿಗೆ ಹೊದಿಸುವುದು. ಪುಡಿ ಉದುರುವ ಆ ಬಟ್ಟೆ ಹೊದ್ದುಕೊಂಡು ಮಗು ಕೈ ಮುಗಿಯಬೇಕು. ಮೇಷ್ಟ್ರು ಒಂದು, ಎರಡು, ಮೂರು ಎನ್ನುತ್ತಾರೆ. ತರಗತಿಯೆಲ್ಲ ಮೂರು ಸಲ ಚಪ್ಪಾಳೆ ತಟ್ಟಿ ಒಟ್ಟಿಗೆ 'ಸಾಧಕರಿಗೆ ಜಯವಾಗಲಿ' ಎನ್ನಬೇಕು.

ಇದು ಶುರುವಾದದ್ದೇ ನನ್ನ ಮಗಳಿಂದ. ಅವಳು ಕಡಿಮೆ ಅಂಕ ತೆಗೆದ ಮೊದಲನೇ ಸೋಮವಾರ ಮೇಷ್ಟ್ರು, 'ನಿಮ್ಮಪ್ಪ ಊರಿಗೆಲ್ಲ ಶಾಲು ಹೊದಿಸ್ತಾನೆ, ಮಗಳಿಗೆ ನಾವು ಹೊದಿಸಾಣ ಬಾ' ಎಂದರಂತೆ. ಆಮೇಲೆ ಅದು ಚೆನ್ನಾಗಿದೆ ಅನ್ನಿಸಿ ವಾರವಾರ ನಡೆಯತೊಡಗಿತು.

ಅವತ್ತು ಸಂಜೆ ಅವಳು ಅಂಗಡಿಗೆ ಬಂದು ಇದನ್ನು ಹೇಳಿದಾಗ ನಾನು ನಕ್ಕೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಚೆನ್ನಾಗಿಯೇ ನಕ್ಕೆ. ದಿನವಿಡೀ ಶಾಲು, ಪೇಟ ಎಂದು ಒದ್ದಾಡುವವನಿಗೆ ಬೋರ್ಡ್ ಬಟ್ಟೆಯ ಸನ್ಮಾನ ಎಂದ ಕೂಡಲೇ ಅದು ಕಣ್ಣಿಗೆ ಕಟ್ಟಿತು. ಎಡ ಹೆಗಲಿಂದ ಹೊದಿಸಿದರೋ ಬಲ ಹೆಗಲಿಂದಲೋ ಎಂದೂ ಕೇಳಿದೆ. ಅವಳು ಶಾಲು ಮಡಿಸಲು ಕೂತಳು. ನಾನು ಗಿರಾಕಿ ಕಡೆ ತಿರುಗಿದೆ.

ಕೆಲವು ವಾರ ಕಳೆದ ಮೇಲೆ ಸೋಮವಾರ ಬಂದರೆ ಅವಳಿಗೆ ಹೊಟ್ಟೆನೋವು. ಮಂಗಳವಾರ ತಾನಾಗಿಯೇ ವಾಸಿ. ಡಾಕ್ಟರಿಗೆ ತೋರಿಸಿದ್ದಾಯಿತು, ಜಂತುಹುಳುವಿಗೆ ಗುಳಿಗೆ ನುಂಗಿಸಿದ್ದಾಯಿತು. ಕೊನೆಗೊಂದು ಸೋಮವಾರ ಅವಳು ಯೂನಿಫಾರ್ಮ್ ತೊಟ್ಟು ಅಂಗಡಿಯ ಹಿಂದಿನ ಕೋಣೆಯಲ್ಲಿ ಶಾಲಿನ ಮೂಟೆಗಳ ನಡುವೆ ಕೂತುಬಿಟ್ಟಳು. ಇನ್ನು ಶಾಲೆಗೆ ಹೋಗುವುದಿಲ್ಲ, ಅಂಗಡಿ ನೋಡಿಕೊಳ್ಳುತ್ತೇನೆ, ಮಡಿಸುವುದಕ್ಕೆ ಗಣಿತ ಬೇಡ ಎಂದಳು. ಮೇಷ್ಟ್ರು ಎಷ್ಟು ಸಲ ಆ ಬಟ್ಟೆ ಹೊದಿಸಿದ್ದಾರೆ ಎಂದು ನಾನೂ ನನ್ನ ಹೆಂಡತಿಯೂ ಬಿಡದೆ ಕೇಳಿದ ಮೇಲೆ ನಾಲ್ಕು ಎಂದಳು. ಆಮೇಲೆ ಒಂದು ಷರತ್ತು ಹಾಕಿದಳು.

"ಅವ್ರು ಎಲ್ಲರ ಮುಂದೆ ಮಾಡಿದ್ರು. ನೀನೂ ಅವ್ರ ಮುಂದೆ ಜೋರಾಗಿ ಹೇಳು, ಮಾಡ್ಬೇಡ್ರಿ ಅಂತ. ನಾನು ಕೇಳಿಸ್ಕಬೇಕು. ಆಮೇಲೆ ಶಾಲೆಗೆ ಹೋಗ್ತೀನಿ."

ಹೇಳುತ್ತೇನೆ ಎಂದೆ. ಹೇಳುವಾಗ ನನ್ನ ದನಿ ಗಟ್ಟಿಯಾಗಿಯೇ ಇತ್ತು, ಎದುರಿಗೆ ಮೇಷ್ಟ್ರು ಇರಲಿಲ್ಲವಲ್ಲ. ಅವಳನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬ ಭಯ ಮೊದಲ ಸಲ ಹುಟ್ಟಿತ್ತು. ಹದಿಮೂರು ವರ್ಷದ ಹುಡುಗಿ ಜೀವಮಾನವಿಡೀ ಬೇರೆಯವರ ಸನ್ಮಾನದ ಬಟ್ಟೆ ಮಡಿಸುತ್ತ ಕೂರುವುದನ್ನು ನೆನೆದು ಅವತ್ತು ರಾತ್ರಿ ಊಟ ಬಿಟ್ಟು ಎದ್ದೆ.

ಮಂಗಳವಾರ ಮೇಷ್ಟ್ರಿಗೆ ಒಂದು ಮನವಿ ಪತ್ರ ಬರೆದೆ. ಬಾಯಿ ತಡವರಿಸಿದರೆ ಓದಿಬಿಡಬಹುದು ಎಂಬ ಲೆಕ್ಕಾಚಾರ. ಹೆಂಡತಿ ಅದನ್ನು ಜೋರಾಗಿ ಓದಿ, 'ಬೇಸರ' ಎಂದು ನಾನು ಬರೆದ ಕಡೆಯೆಲ್ಲ ಹೊಡೆದು 'ಅವಮಾನ' ಎಂದು ತಿದ್ದಿದಳು. ಮಗಳು ಮೂಲೆಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡಳು. ಪತ್ರ ಇಡಲು ಒಂದು ಫೈಲ್ ಬೇಕಿತ್ತು. ಅಂಗಡಿಯಲ್ಲಿ ಇದ್ದದ್ದು ಅಭಿನಂದನಾ ಪತ್ರ ಇಡುವ ಕೆಂಪು ಮಖಮಲ್ಲಿನ, ಚಿನ್ನದ ಅಂಚಿನ ಫೈಲ್ ಒಂದೇ. ಅದರಲ್ಲೇ ಇಟ್ಟೆ.

"ಬರಿಗೈಲಿ ಹೋಗ್ರಿ," ಎಂದಳು ಹೆಂಡತಿ, "ಬಾಯಿ ಒಂದನ್ನ ತಗಂಡು ಹೋಗ್ರಿ, ಸಾಕು."

ಬುಧವಾರ ಬೆಳಿಗ್ಗೆ ಇನ್ನಿಬ್ಬರು ತಂದೆಯರು ಜೊತೆಗೂಡಿದರು. ಒಬ್ಬರು ತಾಳ್ಯದ ಕಡೆಯ ರೈತರು, ಇನ್ನೊಬ್ಬರು ಊರಿನ ಲೈನ್‌ಮ್ಯಾನ್. ಇಬ್ಬರ ಮಕ್ಕಳಿಗೂ ಬೋರ್ಡ್ ಬಟ್ಟೆ ಹೊದಿಸಿದ್ದಾಗಿತ್ತು. ರೈತರು ಒಂದು ಗೊನೆ ಬಾಳೆಹಣ್ಣು ಹೊತ್ತು ತಂದಿದ್ದರು. ಜಗಳಕ್ಕೇ ಹೋಗುವುದಾದರೂ ಮೇಷ್ಟ್ರ ಹತ್ತಿರ ಬರಿಗೈಲಿ ಹೋಗುವುದು ಸರಿಯಲ್ಲ ಎಂಬುದು ಅವರ ಅಭಿಪ್ರಾಯ. ಲೈನ್‌ಮ್ಯಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು.

"ಮೊದ್ಲು ಒಂದು ಶಾಲು ಹೊದಿಸಿಬಿಡಾಣ. ಮನ್ಸು ಮೆತ್ತಗಾಗ್ತೈತೆ. ಆಮೇಲೆ ಏನು ಬೇಕಾದ್ರೂ ಹೇಳಬಹುದು."

ನಾನು ಬೇಡ ಎನ್ನಬೇಕಿತ್ತು. ಆದರೆ ಆ ಮಾತು ನನ್ನ ಕಸುಬಿಗೆ ಒಪ್ಪುವಂಥದ್ದು. ಪೇಟ ತೊಟ್ಟವರು ಸಿಟ್ಟಾದದ್ದನ್ನು ನಾನು ಈವರೆಗೆ ನೋಡಿಲ್ಲ. ತಲೆ ಅಲ್ಲಾಡಿಸಿದರೆ ಅದು ಜಾರುತ್ತದೆ, ಹಾಗಾಗಿ ಎಲ್ಲದಕ್ಕೂ ಸುಮ್ಮನೆ ಒಪ್ಪುತ್ತಾರೆ. ಶಾಲಿನ ಜೊತೆ ಪೇಟ ಇಟ್ಟೆ, ಪೇಟ ಇಟ್ಟ ಮೇಲೆ ಹಾರ ಇಲ್ಲದಿದ್ದರೆ ಬೋಳು ಬೋಳಾಗಿ ಕಾಣುತ್ತದೆ ಎಂದು ಏಲಕ್ಕಿ ಹಾರ ಇಟ್ಟೆ. ಕೈ ತನ್ನ ಪಾಡಿಗೆ ತಾನು ತಟ್ಟೆ ಜೋಡಿಸಿತು. ಕೊನೆಗೆ ಅದರ ಮೇಲೆ ಮಖಮಲ್ಲಿನ ಫೈಲ್. ಬಾಯಿ ಒಂದನ್ನು ಬಿಟ್ಟು ಎಲ್ಲವನ್ನೂ ತೆಗೆದುಕೊಂಡು ಹೊರಟೆವು. ಮಗಳು ಅದಾಗಲೇ ಶಾಲೆಗೆ ಹೋಗಿದ್ದಳು, ನಿನ್ನ ಕಣ್ಣೆದುರೇ ಹೇಳುತ್ತೇನೆ ಎಂದು ಮಾತು ಕೊಟ್ಟು ಕಳಿಸಿದ್ದೆ.

ಶಾಲೆಯ ಗೇಟಿನಲ್ಲೇ ಮುಖ್ಯೋಪಾಧ್ಯಾಯರು ಸಿಕ್ಕರು. ತಟ್ಟೆ ನೋಡಿ ಅವರ ಮುಖ ಅರಳಿತು. ಯಾರಿಗೆ ಎಂದರು. ಗಣಿತದ ಸರ್‌ಗೆ ಎಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಪೋಷಕರು ತಾವಾಗಿ ಬಂದು ಶಿಕ್ಷಕರನ್ನು ಸನ್ಮಾನಿಸುವುದು ಈ ಶಾಲೆಯಲ್ಲಿ ಇದೇ ಮೊದಲು, ಇದನ್ನು ಕೊಠಡಿಯೊಳಗೆ ಮಾಡಬಾರದು ಎಂದು ಅವರು ಗಂಟೆ ಹೊಡೆಸಿಬಿಟ್ಟರು. ಹಾಗಲ್ಲ ಸರ್ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಕ್ಕಳು ಸಾಲುಗಟ್ಟಿ ಹೊರಗೆ ಬರುತ್ತಿದ್ದರು. ಹತ್ತು ನಿಮಿಷದಲ್ಲಿ ಜಮಖಾನೆ, ಮೈಕು, ಒಂದು ಕುರ್ಚಿ ಎಲ್ಲ ಬಂತು.

"ಇದೇನಣ್ಣ ಹಿಂಗಾತು?" ಎಂದು ತಾಳ್ಯದ ರೈತರು ಕಿವಿಯಲ್ಲಿ ಕೇಳಿದರು. ನನಗೂ ಗೊತ್ತಿರಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಕುರ್ಚಿಯನ್ನು ಬಿಸಿಲಿಗೆ ಬೆನ್ನು ಮಾಡಿ ಹಾಕಿದ್ದರು, ಫೋಟೋದಲ್ಲಿ ಮುಖ ಕಪ್ಪಾಗಿ ಬೀಳುತ್ತದೆ ಎಂದು ನಾನೇ ಹೋಗಿ ಅದನ್ನು ತಿರುಗಿಸಿ ಇಟ್ಟೆ. ಯಾರೂ ಹೇಳಿರಲಿಲ್ಲ.

ಮೇಷ್ಟ್ರನ್ನು ಕರೆತಂದರು. ಕೈಯಲ್ಲಿ ಇನ್ನೂ ಸೀಮೆಸುಣ್ಣ ಇತ್ತು. ವಿಷಯ ತಿಳಿದು ಅವರ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ಸೇವೆಯಲ್ಲಿ ಒಬ್ಬರೂ ಅವರಿಗೆ ಒಂದು ಹೂವೂ ಕೊಟ್ಟಿರಲಿಲ್ಲವಂತೆ. ಕಣ್ಣಲ್ಲಿ ನೀರು ತುಂಬಿಕೊಂಡ ಮನುಷ್ಯನನ್ನು ತರಾಟೆಗೆ ತೆಗೆದುಕೊಳ್ಳುವುದು ಹೇಗೆ ಎಂದು ನನಗೆ ಯಾರೂ ಕಲಿಸಿಲ್ಲ. ಕುರ್ಚಿಯಲ್ಲಿ ಕೂರಿಸಿ ಪೇಟ ತೊಡಿಸಿದೆ. ಅಳತೆ ಸರಿಯಾಗಿ ಕೂತಿತು. ಲೈನ್‌ಮ್ಯಾನ್ ಹಾರ ಹಾಕಿದರು. ನಾನು ಶಾಲು ಬಿಡಿಸಿ ಹೆಗಲಿಗೆ ಹೊದಿಸಿದೆ, ಅವರು ಕೈ ಮುಗಿದರು.

ಶಾಲು ಹೆಗಲ ಮೇಲೆ ಕೂತದ್ದೇ ತಡ, ಎಂಟನೇ ತರಗತಿಯ ಸಾಲಿನಿಂದ ಚಪ್ಪಾಳೆ ಬಂತು. ಮೂರೇ ಮೂರು. ಅದರ ಬೆನ್ನಿಗೇ ಒಂದೇ ದನಿಯಲ್ಲಿ, 'ಸಾಧಕರಿಗೆ ಜಯವಾಗಲಿ.' ಮಕ್ಕಳು ಬೇಕೆಂದು ಮಾಡಿದ್ದಲ್ಲ. ಕುರ್ಚಿ, ಹೆಗಲ ಮೇಲೆ ಬಟ್ಟೆ, ಕೈ ಮುಗಿದು ಕೂತವರು, ಇವಿಷ್ಟು ಕಂಡರೆ ಏನು ಮಾಡಬೇಕೆಂದು ಅವರಿಗೆ ಸೋಮವಾರ ಸೋಮವಾರ ಅಭ್ಯಾಸವಾಗಿತ್ತು. ಮರುಗಳಿಗೆ ಅವರಿಗೇ ಅರ್ಥವಾಗಿ ನಗು ಶುರುವಾಯಿತು. ಗಣಿತದಲ್ಲಿ ಇವತ್ತು ಎಲ್ಲರಿಗಿಂತ ಕಡಿಮೆ ತೆಗೆದವರು ಸರ್ ಅವರೇ ಎಂದು ಯಾರೋ ಅಂದರು. ಉಳಿದ ತರಗತಿಗಳಿಗೆ ಏನೂ ಗೊತ್ತಾಗದಿದ್ದರೂ ಅವರೂ ಮೂರು ಚಪ್ಪಾಳೆ ತಟ್ಟಿ ಜಯಕಾರ ಹಾಕಿದರು. ಮುಖ್ಯೋಪಾಧ್ಯಾಯರಿಗೆ ಮಕ್ಕಳ ಶಿಸ್ತು ಕಂಡು ಬಹಳ ಸಂತೋಷವಾಯಿತು.

ಮೇಷ್ಟ್ರ ಮುಖ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಕಣ್ಣಿನ ನೀರು ಹಾಗೇ ಇತ್ತು, ತುಟಿಯ ಮೇಲಿದ್ದ ನಗು ಮಾತ್ರ ಹೋಯಿತು. ಪೇಟ ಜಾರುತ್ತದೆಂದು ತಲೆ ತಗ್ಗಿಸಲೂ ಅವರಿಗೆ ಆಗಲಿಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಮುಖ್ಯೋಪಾಧ್ಯಾಯರು ಮಖಮಲ್ಲಿನ ಫೈಲ್ ಎತ್ತಿ ನನ್ನ ಕೈಗಿಟ್ಟು, ಅಭಿನಂದನಾ ಪತ್ರ ಓದಿ ಎಂದು ಮೈಕು ಕೊಟ್ಟರು. ಮಗಳು ಮೂರನೇ ಸಾಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳು ಕೇಳಿದ್ದ ಅವಕಾಶ ಇದೇ. ಎಲ್ಲರೂ ಇದ್ದರು, ಮೈಕು ಕೂಡ ಇತ್ತು. ನಾನು ಫೈಲ್ ತೆರೆದೆ. 'ತಾವು ಮಕ್ಕಳನ್ನು ಎಲ್ಲರೆದುರು ಕೂರಿಸಿ ಅವಮಾನ ಮಾಡುತ್ತಿರುವುದು' ಎಂದು ಬರೆದಿತ್ತು. 'ತಾವು ಮಕ್ಕಳನ್ನು ಎಲ್ಲರೆದುರು ಕೂರಿಸಿ ಪ್ರೋತ್ಸಾಹ ಕೊಡುತ್ತಿರುವುದು' ಎಂದು ಓದಿದೆ. 'ಇದನ್ನು ಕೂಡಲೇ ನಿಲ್ಲಿಸಬೇಕು' ಎಂದಿದ್ದಲ್ಲಿ 'ಇದನ್ನು ಹೀಗೆಯೇ ಮುಂದುವರಿಸಬೇಕು' ಎಂದು ಓದಿದೆ. ಬೇರೆಯವರ ಅಭಿನಂದನಾ ಪತ್ರಗಳನ್ನು ಎಷ್ಟೋ ಸಲ ಓದಿದ ನಾಲಿಗೆ, ಎಲ್ಲೂ ತೊಡರಲಿಲ್ಲ. ಕೊನೆಯಲ್ಲಿ ಆಯುರಾರೋಗ್ಯ ಹಾರೈಸಿ, ಫೈಲನ್ನು ಮೇಷ್ಟ್ರ ಕೈಗೇ ಕೊಟ್ಟೆ. ಅದು ಎಂಥಾ ಪೆದ್ದುತನ ಎಂದು ಹೊಳೆದದ್ದು ಗೇಟು ದಾಟಿದ ಮೇಲೆ.

ಶಾಲೆ ಬಿಡುವ ಹೊತ್ತಿಗೆ ನಾನು ಊರಿನ ಧೀರನಾಗಿದ್ದೆ. ನಿಮ್ಮಪ್ಪ ಸರ್‌ಗೇ ಬಟ್ಟೆ ಹೊದಿಸಿದರು ಎಂದು ಮಕ್ಕಳು ನನ್ನ ಮಗಳ ಬೆನ್ನು ತಟ್ಟಿದರಂತೆ. ಸಂಜೆ ಅಂಗಡಿಗೆ ಬಂದವಳು ಬ್ಯಾಗ್ ಇಟ್ಟು, ಶಾಲು ಎಳೆದುಕೊಂಡು ಮಡಿಸತೊಡಗಿದಳು.

"ಬರೆದಿದ್ದು ಅದಲ್ಲ," ಎಂದಳು. "ನಂಗೆ ಗೊತ್ತು, ಅಮ್ಮ ಓದಿದ್ಲಲ್ಲ."

ನಾಳೆ ಹೋಗಿ ಹೇಳುತ್ತೇನೆ ಎಂದೆ. ಹೂಂ ಎಂದಳು. ಆ ಹೂಂ ಕೇಳಿ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳು ನಂಬಿಲ್ಲ, ಜಗಳವಾಡುವಷ್ಟು ಆಸೆಯನ್ನೂ ಇಟ್ಟುಕೊಂಡಿಲ್ಲ. ನಾಳೆಯಿಂದ ಶಾಲೆಗೆ ಹೋಗುವುದಿಲ್ಲ ಎಂಬುದು ಆ ಮಡಿಸುವ ಕೈಯಲ್ಲೇ ಕಾಣುತ್ತಿತ್ತು.

ಐದೂವರೆಯ ಹೊತ್ತಿಗೆ ಅಂಗಡಿಯ ಮುಂದೆ ಸ್ಕೂಟರ್ ನಿಂತಿತು. ಮೇಷ್ಟ್ರು. ಒಂದು ಕೈಯಲ್ಲಿ ಶಾಲು, ಪೇಟ ತುಂಬಿದ ಕವರು, ಇನ್ನೊಂದರಲ್ಲಿ ಮಖಮಲ್ಲಿನ ಫೈಲ್. ಹೊಸದುರ್ಗದಿಂದ ಯಾರದೋ ನಿವೃತ್ತಿಗೆ ಸಾಮಾನು ಕೊಳ್ಳಲು ಬಂದ ಇಬ್ಬರು ಕೌಂಟರಿನ ಹತ್ತಿರ ಇದ್ದರು. ಮಗಳು ಶಾಲಿನ ರಾಶಿಯ ಹಿಂದೆ ತಲೆ ತಗ್ಗಿಸಿದಳು. ಕುಂತ್ಕಳ್ರಿ ಸರ್ ಎಂದು ನಾನು ಸ್ಟೂಲ್ ಸರಿಸಿದೆ. ಅವರು ಕೂರಲಿಲ್ಲ.

ಶಾಲು ವಾಪಸ್ ತೆಗೆದುಕೊಳ್ಳಿ ಎಂದು ಕವರನ್ನು ಮುಂದಿಟ್ಟರು. ನಾನು ಅಭ್ಯಾಸಬಲದಿಂದ ಗೋಡೆಯ ಮೇಲಿನ ಬೋರ್ಡ್ ತೋರಿಸಿದೆ. ಹೊದಿಸಿದ ಶಾಲನ್ನು ವಾಪಸ್ ಪಡೆಯುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಅವರು ಅದನ್ನು ಪೂರ್ತಿ ಓದಿದರು, ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಫೈಲ್ ತೆರೆದು ನನ್ನ ಕೈಗಿಟ್ಟರು.

"ಬೆಳಿಗ್ಗೆ ಓದಿದ್ರಲ್ಲ. ಇನ್ನೊಂದ್ಸಲ ಓದ್ರಿ. ಇದ್ದಂಗೆ ಓದ್ರಿ."

ಗಿರಾಕಿಗಳಿದ್ದಾರೆ ಎಂದೆ. ಇರಲಿ ಎಂದರು. ಕನ್ನಡಕ ಹುಡುಕಿದೆ, ಅದು ಮೂಗಿನ ಮೇಲೇ ಇತ್ತು. ಇನ್ನು ದಾರಿ ಉಳಿಯಲಿಲ್ಲ. ಸೊಂಟ ನೆಟ್ಟಗೆ ಮಾಡಿಕೊಂಡು, ಪಾಠ ಒಪ್ಪಿಸುವವನ ಹಾಗೆ ನಿಂತು ಓದಿದೆ. ಬೆಳಿಗ್ಗೆ ನೀರಿನಂತೆ ಹರಿದ ನಾಲಿಗೆ ಈಗ ಪ್ರತಿ ಪದಕ್ಕೂ ತೊಡರಿತು. ಮಕ್ಕಳನ್ನು ಎಲ್ಲರೆದುರು ಕೂರಿಸಿ ಅವಮಾನ ಮಾಡುತ್ತಿರುವುದು. ಬೋರ್ಡ್ ಒರೆಸುವ ಬಟ್ಟೆ ಹೊದಿಸಿ ನಗೆಪಾಟಲು ಮಾಡುತ್ತಿರುವುದು. ನನ್ನ ಮಗಳಿಗೆ ಈವರೆಗೆ ನಾಲ್ಕು ಸಲ ಹೀಗೆ ಮಾಡಿದ್ದು ಎಂದು ಓದುವಾಗ ಶಾಲಿನ ರಾಶಿಯ ಹಿಂದಿನಿಂದ ದನಿ ಬಂತು.

"ಏಳು ಸಲ."

ನಾನು ಓದುವುದನ್ನು ನಿಲ್ಲಿಸಿದೆ. ಮಗಳು ಎದ್ದು ನಿಂತಿದ್ದಳು. ಹೊಸದುರ್ಗದವರು ಕೈಯಲ್ಲಿ ಹಿಡಿದ ಪೇಟವನ್ನು ಮೆಲ್ಲಗೆ ಕೆಳಗಿಟ್ಟರು. ಮೇಷ್ಟ್ರು ಅವಳ ಕಡೆ ನೋಡಲಿಲ್ಲ, ನೆಲ ನೋಡುತ್ತ ಬಲಗೈಯ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಇಟ್ಟುಕೊಂಡು ಹೋದರು. ಬಹಳ ಹೊತ್ತು ಹಿಡಿಯಿತು. ಆಮೇಲೆ ಅವಳತ್ತ ತಿರುಗಿದರು.

"ಏಳು. ನಿನ್ನ ಲೆಕ್ಕ ಸರಿ ಐತೆ," ಎಂದರು.

ಆ ವರ್ಷದಲ್ಲಿ ಅವರು ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಮುಂದೆ ಓದ್ರಿ ಎಂದು ನನಗೆ ಕೈ ಮಾಡಿದರು. ಉಳಿದದ್ದನ್ನೂ ಓದಿದೆ. ತಾವು ಚೆನ್ನಾಗಿ ಪಾಠ ಮಾಡುತ್ತೀರಿ, ಅದರ ಬಗ್ಗೆ ದೂರಿಲ್ಲ. ಇದನ್ನು ಕೂಡಲೇ ನಿಲ್ಲಿಸಬೇಕು. ಮಾಡಿದ್ದು ತಪ್ಪೆಂದು ಮಕ್ಕಳ ಎದುರೇ ಹೇಳಬೇಕು. ಕೊನೆಯ ಸಾಲು ಹೆಂಡತಿ ಸೇರಿಸಿದ್ದು, ಅದನ್ನು ಓದುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮೇಷ್ಟ್ರು ಫೈಲ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಬೇಕಂತಲೇ ಸನ್ಮಾನ ಮಾಡಿದಿರಾ ಎಂದು ಕೇಳಿದರು. ಇಲ್ಲ ಸರ್, ಧೈರ್ಯ ಸಾಲದೆ ಮಾಡಿದ್ದು ಎಂದೆ. ಅವರು ಸ್ವಲ್ಪ ನಕ್ಕಂತೆ ಕಂಡಿತು.

"ಮಕ್ಳು ಚಪ್ಪಾಳೆ ಹೊಡಿಯೋಗಂಟ ನಂಗೆ ಭಾಳ ಖುಷಿಯಾಗಿತ್ತು ಕಣ್ರಿ," ಎಂದು ಕವರನ್ನು ಮತ್ತೆ ಕೈಗೆತ್ತಿಕೊಂಡು ಹೊರಟರು. ವಾಪಸ್ ಪಡೆಯುವುದಿಲ್ಲ ಎಂಬ ನಿಯಮವನ್ನು ಪಾಲಿಸಿದರು.

ಗುರುವಾರ ಅವಳನ್ನು ಯಾರೂ ಎಬ್ಬಿಸಲಿಲ್ಲ, ತಾನೇ ಎದ್ದು ಜಡೆ ಹಾಕಿಸಿಕೊಂಡು ಹೊರಟಳು. ಸೋಮವಾರ ಮೇಷ್ಟ್ರು ತರಗತಿಯಲ್ಲಿ ಎರಡು ವಾಕ್ಯ ಹೇಳಿದರಂತೆ. ಅದರಲ್ಲಿ ಒಂದನ್ನು ಬೋರ್ಡಿನ ಕಡೆ ಮುಖ ಮಾಡಿ ಹೇಳಿದರು, ಇನ್ನೊಂದನ್ನು ಮಕ್ಕಳ ಕಡೆ. ಕಿರುಪರೀಕ್ಷೆಯಲ್ಲಿ ಅವಳಿಗೆ ಆರು ಬಂದಿತ್ತು. ಉತ್ತರಪತ್ರಿಕೆಯನ್ನು ಮಗುಚಿ ಅವಳ ಡೆಸ್ಕಿನ ಮೇಲಿಟ್ಟು ಹೋದರು. ಬಟ್ಟೆಯಲ್ಲಿ ಬೋರ್ಡ್ ಒರೆಸಿದರು, ಅಷ್ಟೆ. ಇದನ್ನೆಲ್ಲ ಅವಳು ಶಾಲು ಮಡಿಸುತ್ತಾ ಹೇಳಿದಳು, ನಾನು ಗಿರಾಕಿಯನ್ನು ಕಾಯಿಸಿ ಪೂರ್ತಿ ಕೇಳಿಸಿಕೊಂಡೆ. ನನಗೂ ಚಿಕ್ಕಂದಿನಲ್ಲಿ ಇಪ್ಪತ್ತೈದಕ್ಕೆ ಆರೇ ಬರುತ್ತಿತ್ತು ಎಂದು ಅವತ್ತು ಹೇಳಿದೆ.

ಆಮೇಲೆ, ಬುಧವಾರದಿಂದ ಕೊರೆಯುತ್ತಿದ್ದುದನ್ನು ಕೇಳಿದೆ. ಏಳು ಸಲ ಆಗಿದ್ದರೆ ನಮಗೆ ನಾಲ್ಕು ಎಂದು ಯಾಕೆ ಹೇಳಿದೆ?

ಅವಳಿಗೆ ಸಿಟ್ಟೇನೂ ಇರಲಿಲ್ಲ. ಅಂಚಿಗೆ ಅಂಚು ಕೂಡಿಸುತ್ತಾ ಹೇಳಿದಳು.

"ಮೊದಲ್ನೇ ಸಲ ಹೇಳ್ದಾಗ ನೀನು ನಕ್ಕೆ. ಎಡಗಡೆಯಿಂದ ಹೊದಿಸಿದ್ರಾ, ಬಲಗಡೆಯಿಂದನಾ ಅಂತ ಕೇಳ್ದೆ. ಏಳೂ ಹೇಳಿದ್ರೆ ಇನ್ನೂ ಜಾಸ್ತಿ ನಗ್ತೀಯ ಅನ್ನಿಸ್ತು."

ಈಗ ಅಂಗಡಿಗೆ ಬಂದು ದನಿ ಇಳಿಸಿ ಕೇಳುವ ತಂದೆ ತಾಯಿಯರಿಗೆ ಮನವಿ ಪತ್ರ ಹೇಗೆ ಬರೆಯಬೇಕು, ಯಾವ ಫೈಲಿನಲ್ಲಿ ಇಡಬಾರದು ಎಂದೆಲ್ಲ ಹೇಳುತ್ತೇನೆ. ಅದಕ್ಕೂ ಮುಂಚೆ, ಮಗು ಮೊದಲ ಸಲ ಬಂದು ಹೇಳಿದಾಗ ನೀವೇನು ಮಾಡಿದಿರಿ ಎಂದು ಕೇಳುತ್ತೇನೆ. ಹೆಚ್ಚಿನವರು ಕೌಂಟರಿನ ಮೇಲಿನ ಪೇಟವನ್ನು ಆಚೆ ಈಚೆ ತಿರುಗಿಸಿ ನೋಡುತ್ತಾ ಕೂರುತ್ತಾರೆ. ನಾನೂ ಅವರನ್ನು ಅವಸರ ಮಾಡುವುದಿಲ್ಲ.